ಕಣ್ಣಿಗೆ ಲೇಸರ್: ಆಪ್ಟೊಮೆಟ್ರಿಸ್ಟ್ ಮಾಡಬಹುದೇ?

ರಾಯಚೂರು, ಕಲಬುರಗಿ, ಬೀದರ್ ಕಡೆಯವರು ಕಣ್ಣಿನ ಚಿಕಿತ್ಸೆಗೆ ಹೈದರಾಬಾದಿಗೆ ಬರುವುದು ಹೊಸದೇನಲ್ಲ. ಪೊರೆ ಆಪರೇಷನ್ ಆಗಿ ಕೆಲವು ತಿಂಗಳಿಗೋ ವರ್ಷಕ್ಕೋ ದೃಷ್ಟಿ ಮತ್ತೆ ಮಂಜಾದರೆ, 'ಪೊರೆ ತಿರುಗಿ ಬಂತು' ಎಂದು ಮನೆಯವರು ಗಾಬರಿಯಾಗುತ್ತಾರೆ. ತೆಗೆದ ಪೊರೆ ತಿರುಗಿ ಬರುವುದಿಲ್ಲ. ಒಳಗೆ ಕೂರಿಸಿದ ಲೆನ್ಸಿನ ಹಿಂದಿನ ತೆಳು ಪದರ ಮಸುಕಾಗಿರುತ್ತದೆ, ಅಷ್ಟೆ. ಯಾಗ್ ಲೇಸರ್‌ನಿಂದ ಅದರ ನಡುವೆ ಸಣ್ಣ ಕಿಂಡಿ ತೆರೆಯುತ್ತಾರೆ. ಕೆಲವೇ ನಿಮಿಷದ ಕೆಲಸ, ಹೊಲಿಗೆ ಇಲ್ಲ.

ಇಷ್ಟಕ್ಕೆ ಅಜ್ಜಿಯನ್ನು ಅಷ್ಟು ದೂರ ಕರೆತರಬೇಕೆ, ಊರಿನ ಆಪ್ಟೊಮೆಟ್ರಿಸ್ಟ್ ಮಾಡಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಒಕ್ಲಹೋಮ ರಾಜ್ಯ 1998ರಲ್ಲೇ ಅವರಿಗೆ ಕೆಲವು ಲೇಸರ್ ಚಿಕಿತ್ಸೆಗಳ ಅನುಮತಿ ಕೊಟ್ಟಿತು, ಕೆಂಟಕಿ 2011ರಲ್ಲಿ. ಹಳ್ಳಿಗಳಲ್ಲಿ ವೈದ್ಯರಿಲ್ಲ ಎಂಬುದು ಅಲ್ಲಿನ ವಾದ, ತರಬೇತಿ ಸಾಲದು ಎಂಬುದು ನೇತ್ರತಜ್ಞರ ಪ್ರತಿವಾದ.

ನಮ್ಮಲ್ಲಿ ಲೇಸರ್ ಮಾಡುವವರು ನೇತ್ರತಜ್ಞ ವೈದ್ಯರು. ಆಪ್ಟೊಮೆಟ್ರಿಸ್ಟ್ ನಾಲ್ಕು ವರ್ಷದ ಪದವಿ ಓದಿ ದೃಷ್ಟಿ ಅಳೆಯುತ್ತಾರೆ, ಕನ್ನಡಕ ಬರೆಯುತ್ತಾರೆ, ರೋಗದ ಸುಳಿವು ಹಿಡಿಯುತ್ತಾರೆ. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ಗುರುತಿಸಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಬೇರೆ ದಾರಿ ಹಿಡಿಯಿತು. ಸುಮಾರು 50,000 ಜನರಿಗೊಂದು ದೃಷ್ಟಿ ಕೇಂದ್ರ, ಅಲ್ಲಿ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರು. ಆಪರೇಷನ್ ಬೇಕಾದವರನ್ನು ಮಾತ್ರ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. ನನಗಂತೂ ಇದೇ ಸರಿ ಎನಿಸುತ್ತದೆ: ಪರೀಕ್ಷೆ ಊರಲ್ಲಿ, ಲೇಸರ್ ವೈದ್ಯರಲ್ಲಿ.

ಲೇಸರ್ ಹೊಡೆಯುವುದಕ್ಕಿಂತ ನಂತರದ ಕೆಲವು ಗಂಟೆಗಳೇ ಮುಖ್ಯ. ಕಣ್ಣಿನ ಒತ್ತಡ ಏರಬಹುದು, ಅದರಲ್ಲೂ ಗ್ಲಾಕೋಮಾ ಇರುವವರಿಗೆ. ಅದಕ್ಕೇ ಒತ್ತಡ ಇಳಿಸುವ ಹನಿ ಹಾಕುತ್ತಾರೆ. ಫಾರ್ಮಸಿಸ್ಟ್ ಆಗಿ ಒಂದು ಮಾತು: ಅಸ್ತಮಾ ಇದ್ದರೆ, ಹೃದಯ ಬಡಿತ ನಿಧಾನವಿದ್ದರೆ ಮೊದಲೇ ಹೇಳಿ. ಟಿಮೊಲಾಲ್ ಹನಿ ಅಂಥವರಿಗೆ ಆಗುವುದಿಲ್ಲ. ಕಣ್ಣಿಗೆ ಹಾಕಿದ್ದು ರಕ್ತಕ್ಕೂ ಸೇರುತ್ತದೆ. ಪಾಪೆ ಹಿಗ್ಗಿಸಿರುವುದರಿಂದ ಅಂದು ಗಾಡಿ ಓಡಿಸಬೇಡಿ, ಜೊತೆಗೊಬ್ಬರಿರಲಿ.

ಕಣ್ಣೆದುರು ಒಂದೆರಡು ಚುಕ್ಕೆ ತೇಲಿದರೆ ಹೆದರಬೇಕಿಲ್ಲ. ಆದರೆ ಮಿಂಚು ಹೊಡೆದಂತಾದರೆ, ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಪರದೆ ಇಳಿದಂತೆ ಒಂದು ಬದಿ ಮರೆಯಾದರೆ ಅಥವಾ ಕಣ್ಣು ಜೋರಾಗಿ ನೋಯತೊಡಗಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ.