ಅಪ್ಪನ ಸೈಕಲ್ ಗುಜರಿಗೆ ಹಾಕೋ ಮುಂಚೆ ಇದನ್ನೊಮ್ಮೆ ಓದ್ರಿ

ಅಬ್ಬೆತುಮಕೂರು (ಯಾದಗಿರಿ): ಗುಜರಿ ಗಾಡಿ ಊರೊಳಗೆ ಬಂತೆಂದರೆ ಹಳೇ ಕೊಡ, ಮುರಿದ ಕುರ್ಚಿ, ಸುಟ್ಟ ಮೋಟರ್ ಜತೆಗೆ ಒಂದೊಂದು ಮನೆಯಿಂದ ಕಪ್ಪು ಸೈಕಲ್ ಕೂಡ ಹೊರಗೆ ಬರುತ್ತದೆ. ಸುಮಾರು 20 ಕೆ.ಜಿ. ಕಬ್ಬಿಣ. ತೂಕಕ್ಕೆ ಹಾಕಿದರೆ ಒಂದು ವಾರದ ಸಂತೆಗೂ ಸಾಲದಷ್ಟು ದುಡ್ಡು. ಆದರೆ ಅದೇ ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿ, ಬಟ್ಟೆ ಗಂಟು ಹೇರಿ, ಕಿರಾಣಿ ಸಾಮಾನು ತಂದು ಅಂಗಡಿ ಕಟ್ಟಿದವರು ನಮ್ಮಲ್ಲಿ ಕಡಿಮೆ ಇಲ್ಲ. ಒಂದು ಕಾಲಕ್ಕೆ ಮದುವೆಯಲ್ಲಿ ಅಳಿಯನಿಗೆ ಸೈಕಲ್, ವಾಚು, ರೇಡಿಯೋ ಕೊಟ್ಟರೆ ದೊಡ್ಡ ಮರ್ಯಾದೆ. ಅಪ್ಪ ತೀರಿಕೊಂಡ ಮೇಲೆ ದನದ ಕೊಟ್ಟಿಗೆಯಲ್ಲಿ ನಿಂತಿರೋದು ಆ ಸೈಕಲ್ಲೇ.

ಇಟ್ಟುಕೊಳ್ಳಬೇಕು ಅನ್ನೋ ಮನಸ್ಸಿದ್ದವರೂ ಹೆಚ್ಚಾಗಿ ಮಾಡೋದು ಒಂದೇ ಕೆಲಸ. ಪೂರಾ ಬಿಚ್ಚಿಸಿ, ಕೆರೆಸಿ, ಮಿರಮಿರ ಹೊಸ ಬಣ್ಣ ಹೊಡೆಸಿ ತರುತ್ತಾರೆ. ಚೆಂದ ಕಾಣ್ತದ, ಇಲ್ಲ ಅನ್ನೋದಿಲ್ಲ. ಆದರೆ ಅಪ್ಪ ಪೇಂಟರ್ ಕಡೆ ಬರೆಸಿದ ಹೆಸರು, ಬಂಗಾರದ ಬಣ್ಣದ ಗೆರೆ, ಕಾಲು ಉಜ್ಜಿ ಉಜ್ಜಿ ಸವೆದ ಜಾಗ ಎಲ್ಲಾ ಹೋಗಿರುತ್ತದೆ. ಓಡಬೇಕಾದ ಭಾಗವನ್ನ ಹೊಸದು ಮಾಡ್ರಿ, ನೋಡಬೇಕಾದ ಭಾಗವನ್ನ ಹಂಗೇ ಬಿಡ್ರಿ. ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಕೆರೆದದ್ದನ್ನ ತಿರುಗಿ ತರೋಕೆ ಆಗೋದಿಲ್ಲ.

ಮೊದಲು ಯಾವ ಸೈಕಲ್ ನೋಡ್ಕೊಳ್ರಿ

ಹ್ಯಾಂಡಲ್ ಕೆಳಗೆ ಮುಂದಿನ ಪೈಪಿನ ಮೇಲೆ ಕಂಪನಿಯ ಬಿಲ್ಲೆ ಇರುತ್ತದೆ. ಬಿಲ್ಲೆ ಬಿದ್ದುಹೋಗಿದ್ದರೆ ಪೆಡಲ್ ಹತ್ತಿರದ ದೊಡ್ಡ ಹಲ್ಲಿನ ಚಕ್ರ ನೋಡಿ. ಅದರಲ್ಲಿ ಕೊಕ್ಕರೆ ತಲೆ ಕೊರೆದಿದ್ದರೆ ಅದು ರ್ಯಾಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕಂಪನಿ. ಸ್ವಾತಂತ್ರ್ಯದ ನಂತರ ಸೆನ್-ರ್ಯಾಲಿ ಹೆಸರಲ್ಲಿ ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲೂ ತಯಾರಾಯಿತು. ಬಿಲ್ಲೆ ಮೇಲೆ ಭೂಗೋಳ ಹೊತ್ತ ಮನುಷ್ಯ ಇದ್ದರೆ ಅಟ್ಲಾಸ್. 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಶುರುವಾದ ಈ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ! ಹೀರೋ ಲುಧಿಯಾನಾದಲ್ಲಿ 1956ರಿಂದ ಇದೆ. ಹರ್ಕ್ಯುಲಿಸ್, ಬಿಎಸ್‌ಎ, ಫಿಲಿಪ್ಸ್ ನಮ್ಮ ದೇಶದಲ್ಲಿ ಮಾಡಿದ್ದು ಮದ್ರಾಸ್ ಹತ್ತಿರದ ಅಂಬತ್ತೂರಿನ ಟಿಐ ಸೈಕಲ್ಸ್.

ಇದನ್ನ ತಿಳಕೊಳ್ಳೋದು ಬರೀ ಹೆಮ್ಮೆಗಲ್ಲ, ಸಾಮಾನಿಗೆ. ಈ ಕಪ್ಪು ಸೈಕಲ್ ಮಾದರಿ ಇಂದಿಗೂ ತಯಾರಾಗುತ್ತಿರುವುದರಿಂದ ಟೈರು, ಚೈನು, ಬ್ರೇಕ್ ರಬ್ಬರ್, ಎಕ್ಸೆಲ್ ಎಲ್ಲಾ ಸಿಗುತ್ತವೆ. ಇಂಗ್ಲೆಂಡಿನಲ್ಲೇ ಆದ ರ್ಯಾಲಿ ಇದ್ದರೆ ಮಾತ್ರ ಹುಷಾರು. ಅದರ ಪೆಡಲ್ ಎಕ್ಸೆಲ್ ಕಪ್ಪಿನ ಮರೆಸುತ್ತು ಇಂಚಿಗೆ 26, ಉಳಿದವು ಇಂಚಿಗೆ 24. ಸಾಧಾರಣ ಕಪ್ಪನ್ನ ಜೋರು ಮಾಡಿ ತಿರುಗಿಸಿದರೆ ಫ್ರೇಮಿನೊಳಗಿನ ಸುತ್ತೇ ಕಿತ್ತು ಹೋಗುತ್ತದೆ. ಹಂಗಾಗಿ ಹಳೇ ಕಪ್ಪು ಸವೆದಿಲ್ಲ ಅಂದ್ರೆ ಬದಲಿಸೋದೇ ಬ್ಯಾಡ. ಒಳಗಿನ ಬಾಲ್ಸು ಅಷ್ಟೇ ಹೊಸದು ಹಾಕಿಸಿ.

ಇನ್ನು ಬಿಲ್ಲೆ ಅಂದ ಕೂಡಲೇ ನೆನಪಾಯಿತು. ಕೆಲವು ಹಳೇ ಸೈಕಲ್‌ಗೆ ಸೈಕಲ್ ತೆರಿಗೆ ಕಟ್ಟಿದ್ದಕ್ಕೆ ಕೊಟ್ಟ ಸಣ್ಣ ತಗಡಿನ ಬಿಲ್ಲೆ ಇನ್ನೂ ನೇತಾಡುತ್ತಿರುತ್ತದೆ. ಅದನ್ನ ಬಿಸಾಡಬ್ಯಾಡ್ರಿ.

ಬಿಚ್ಚೋ ಮುಂಚೆ

ಫೋನಿನಲ್ಲಿ ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಬ್ರೇಕಿನ ಕಡ್ಡಿಗಳು ಹೇಗೆ ಕೂತಿವೆ, ಯಾವ ನಟ್ಟು ಯಾವ ಕಡೆ, ಮಡ್‌ಗಾರ್ಡಿನ ಕಡ್ಡಿ ಎಕ್ಸೆಲ್‌ನ ಒಳಗೋ ಹೊರಗೋ, ಇವು ನಾಳೆಗೆ ನೆನಪಿರೋದಿಲ್ಲ. ಅಂಗಡಿಗೆ ಕೊಟ್ಟರೆ ಬದಲಿಸಿದ ಹಳೇ ಸಾಮಾನು ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ. ಓವರಾಲಿಂಗ್‌ಗೆ ಹೋದ ಗಟ್ಟಿ ಹಳೇ ಪೆಡಲ್, ಹಿತ್ತಾಳೆ ಬೆಲ್ಲು, ಡೈನಮೋ ತಿರುಗಿ ಬಾರದೆ, ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ ಬಂದು ಕೂತಿರೋದು ಹೊಸ ಮಾತೇನಲ್ಲ.

ಆಮೇಲೆ ಫ್ರೇಮ್. ಸೈಕಲ್ ತಲೆಕೆಳಗು ಮಾಡಿ ಪೈಪುಗಳು ಕೂಡುವ ಜಾಗ, ಅದರಲ್ಲೂ ಮುಂದಿನ ಗಾಲಿ ಹಿಡಿಯೋ ಕವೆಯ ತಲೆಭಾಗ, ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಕೂದಲೆಳೆಯಂಥ ಗೆರೆಯಲ್ಲಿ ತುಕ್ಕು ಕಂಡರೆ ಅದು ಬಿರುಕು. ಹ್ಯಾಂಡಲ್ ಪೈಪಿನ ಹಿಂದೆ ಬಣ್ಣ ಸುಕ್ಕುಗಟ್ಟಿದ್ದರೆ ಎಂದೋ ಗುದ್ದಿಸಿಕೊಂಡು ಪೈಪು ಬಾಗಿದೆ ಅಂತ ಅರ್ಥ. ಕವೆ ಬಿರುಕು ಬಿಟ್ಟಿದ್ದರೆ ರಿಪೇರಿ ಬೇಡವೇ ಬೇಡ, ಬೇರೆ ಕವೆ ಹಾಕಿಸಿ. ಸವಾರ ನೇರವಾಗಿ ಮುಖದ ಮೇಲೆ ಬೀಳೋದು ಅದು ಮುರಿದಾಗಲೇ. ಬೇರೆ ಕಡೆ ಸಣ್ಣ ಬಿರುಕು ಇದ್ದರೆ ಹಿತ್ತಾಳೆ ಬೆಸುಗೆ ಬಲ್ಲವರನ್ನ ಹುಡುಕಿ. ಟ್ರ್ಯಾಕ್ಟರ್ ಟ್ರೈಲರ್‌ಗೆ ಮಾಡುವ ಕರೆಂಟ್ ವೆಲ್ಡಿಂಗ್ ಸೈಕಲ್‌ನ ತೆಳು ಪೈಪನ್ನ ಸುಟ್ಟು ತೂತು ಮಾಡುತ್ತದೆ.

ಕಾಟರ್ ಪಿನ್ ಅನ್ನೋ ಹಟಮಾರಿ

ಹಳೇ ಸೈಕಲ್ ಕೆಡೋದು ತುಕ್ಕಿನಿಂದಲ್ಲ, ಸುತ್ತಿಗೆಯಿಂದ. ಪೆಡಲಿನ ಕಾಲನ್ನು ಎಕ್ಸೆಲ್‌ಗೆ ಬಿಗಿ ಹಿಡಿಯೋದು ಒಂದು ಸಣ್ಣ ಬೆಣೆ, ಅದೇ ಕಾಟರ್ ಪಿನ್. ಮೂವತ್ತು ವರ್ಷ ಕೂತಿದ್ದು ಸುಮ್ಮನೆ ಬರೋದಿಲ್ಲ. ಹಿಂದಿನ ದಿನವೇ ಅದರ ಎರಡೂ ಬದಿಗೆ ಡೀಸೆಲ್ ಬಿಡಿ (ಸೀಮೆಎಣ್ಣೆ ಈಗೆಲ್ಲಿ ಸಿಗ್ತದ). ನಟ್ಟನ್ನ ಪೂರಾ ತೆಗೆಯದೆ ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಇಲ್ಲದಿದ್ದರೆ ಮೊದಲ ಏಟಿಗೇ ಸುತ್ತು ಹಾಳು. ಪೆಡಲಿನ ಕಾಲಿನ ಕೆಳಗೆ ಒಂದು ದಪ್ಪ ಕಬ್ಬಿಣದ ಪೈಪನ್ನು ನೆಲದ ಮೇಲೆ ಗಟ್ಟಿ ನಿಲ್ಲಿಸಿ ಆಸರೆ ಕೊಡಬೇಕು, ಪಿನ್ನು ಪೈಪಿನ ಬಾಯೊಳಗೆ ಇಳಿಯುವಂತಿರಬೇಕು. ನಂತರ ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಆಸರೆ ಇಲ್ಲದೆ ಹತ್ತು ಸಣ್ಣ ಏಟು ಹಾಕಿದರೆ ಪೆಟ್ಟು ಹೋಗಿ ಬೀಳೋದು ಬಾಲ್ಸಿನ ಕಪ್ಪಿನ ಮೇಲೆ. ಕಪ್ಪಿನಲ್ಲಿ ಗುಳಿ ಬಿದ್ದರೆ ಎಷ್ಟು ಗ್ರೀಸ್ ಹಾಕಿದರೂ ಕಟಕಟ ನಿಲ್ಲೋದಿಲ್ಲ.

ಹೊಸ ಪಿನ್ನಿನ ಚಪ್ಪಟೆ ಮುಖವನ್ನ ಅರದಿಂದ ತಿಕ್ಕಿ ಹೊಂದಿಸಬೇಕಾಗುತ್ತದೆ. ಎರಡೂ ಪಿನ್ನು ಎದುರು ಬದುರು ದಿಕ್ಕಿನಲ್ಲಿ ಹೋಗಬೇಕು, ಒಂದರ ನಟ್ಟು ಮೇಲಿದ್ದರೆ ಇನ್ನೊಂದರದ್ದು ಕೆಳಗೆ. ಇಲ್ಲಾಂದ್ರೆ ಪೆಡಲ್‌ಗಳು ಒಂದೇ ಗೆರೆಯಲ್ಲಿ ನಿಲ್ಲದೆ ತುಳಿಯುವಾಗ ಕುಂಟಿದಂತಾಗುತ್ತದೆ. ಮೊದಲ ದಿನ ಓಡಿಸಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿ ಮಾಡಿ.

ಪಾನಾ ಹಿಡಿದವರಿಗೆ ಇನ್ನೊಂದು ಮಾತು: ಎಡಗಡೆ ಪೆಡಲ್ ಉಲ್ಟಾ ಸುತ್ತು, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಚೈನ್ ಕಡೆಯ ಕಪ್ಪು ಕೂಡ ಹಂಗೇ. ಬಾಲ್ಸು ಲೆಕ್ಕ ಹಾಕಿ ಹಾಕಿಸಿ. ಮುಂದಿನ ಗಾಲಿಗೆ ಒಂದೊಂದು ಬದಿಗೆ 10, ಹಿಂದಿನದಕ್ಕೆ 9, ಪೆಡಲ್ ಎಕ್ಸೆಲ್‌ಗೆ 11.

ತುಕ್ಕು, ಬಣ್ಣ, ಸೀಟು

ಹ್ಯಾಂಡಲ್, ರಿಮ್ಮಿನಂಥ ಹೊಳೆಯೋ ಭಾಗದ ಮೇಲಿನ ಜಂಗಿಗೆ ಪಾಲಿಶ್ ಪೇಪರ್ ಬ್ಯಾಡ. ರೊಟ್ಟಿ ಸುತ್ತಿಕೊಡುವ ಬೆಳ್ಳಿ ಕಾಗದ ಅಂತೀವಲ್ಲ, ಆ ಅಲ್ಯುಮಿನಿಯಂ ಹಾಳೆಯನ್ನ ನೀರಲ್ಲಿ ಅದ್ದಿ ತಿಕ್ಕಿ. ಕಂದು ನೀರು ಇಳಿದು ಹೊಳಪು ಬರುತ್ತದೆ. ಬಿಡಿ ನಟ್ಟು, ಬೋಲ್ಟುಗಳನ್ನ ಹುಣಸೆಹುಳಿ ನೀರಲ್ಲಿ ಒಂದು ರಾತ್ರಿ ನೆನೆಸಿದರೂ ನಡೆಯುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ.

ಫ್ರೇಮಿಗೆ ಸೋಪಿನ ನೀರು, ಮೆತ್ತನೆ ಬಟ್ಟೆ, ಆಮೇಲೆ ಕಾರಿನ ವ್ಯಾಕ್ಸ್ ಪಾಲಿಶ್. ಇಷ್ಟೇ. ಬಂಗಾರದ ಗೆರೆ, ಕಂಪನಿಯ ಹೆಸರಿನ ಮೇಲೆ ಡೀಸೆಲ್ ಹಾಕಿ ಉಜ್ಜಿದರೆ ಬಟ್ಟೆಗೇ ಅಂಟಿಕೊಂಡು ಬರುತ್ತವೆ. ಬಣ್ಣ ಎದ್ದು ಬರೀ ಕಬ್ಬಿಣ ಕಾಣುವ ಜಾಗಕ್ಕೆ ಮಾತ್ರ ಸಣ್ಣ ಬ್ರಶ್ಶಿನಲ್ಲಿ ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಕಪ್ಪು ಎನಾಮಲ್ ಹಚ್ಚಿ. ಪೌಡರ್ ಕೋಟಿಂಗ್ ಅಂತ ಯಾರಾದರೂ ಹೇಳಿದರೆ, ಅದಕ್ಕೆ ಮೊದಲು ಹಳೇ ಬಣ್ಣ ಪೂರ್ತಿ ಕಿತ್ತು ತೆಗೆಯುತ್ತಾರೆ ಅನ್ನೋದು ಗೊತ್ತಿರಲಿ.

ಚರ್ಮದ ಸೀಟು ಇದ್ದರೆ ಅದೃಷ್ಟ. ಕೊಬ್ಬರಿ ಎಣ್ಣೆಯಲ್ಲಿ ತೋಯಿಸಿದರೆ ಜೋತು ಬೀಳುತ್ತದೆ, ತೆಳ್ಳಗೆ ಮೇಣ ಸವರಿದರೆ ಸಾಕು.

ಟೈರು ತರುವಾಗ

ಕಪ್ಪು ಸೈಕಲ್ ಟೈರು 28 x 1½. ಆನ್‌ಲೈನ್‌ನಲ್ಲಿ ಬರೀ 28 ಇಂಚು ಅಂತ ನೋಡಿ ತರಿಸಿದರೆ ಹೊಸ ಗೇರ್ ಸೈಕಲ್‌ನ ಟೈರು ಬರಬಹುದು. ಟೈರಿನ ಬದಿಯಲ್ಲಿ 635 ಅಂತ ಇದ್ದರೆ ನಿಮ್ಮದು, 622 ಇದ್ದರೆ ಅಲ್ಲ. ಆ 13 ಮಿ.ಮೀ. ವ್ಯತ್ಯಾಸಕ್ಕೆ ಟೈರು ರಿಮ್ಮಿಗೆ ಏರೋದೇ ಇಲ್ಲ. ನಮ್ಮ ಊರಿನ ಅಂಗಡಿಯಲ್ಲಿ ಕೈಯಿಂದ ಹಿಡಿದು ನೋಡಿ ತರೋದು ವಾಸಿ. ಬಳ್ಳಾರಿ ಜಾಲಿ ಮುಳ್ಳಿನ ದಾರಿಯಲ್ಲಿ ಓಡಿಸೋದಾದರೆ ಪಂಕ್ಚರ್ ಅಂಗಡಿ ಗುರುತೂ ಬೇಕಲ್ಲ.

ಬ್ರೇಕಿನ ಬಗ್ಗೆ ಸುಳ್ಳು ಭರವಸೆ ಬೇಡ. ಕಡ್ಡಿ ಬ್ರೇಕಿನ ರಬ್ಬರ್ ಒತ್ತೋದು ಹೊಳೆಯುವ ಉಕ್ಕಿನ ರಿಮ್ಮನ್ನ. ಮಳೆಯಲ್ಲಿ ರಿಮ್ ಒದ್ದೆಯಾದರೆ ಹಿಡಿತ ತೀರಾ ಕಡಿಮೆ. ನಾಲ್ಕೂ ರಬ್ಬರ್ ಹೊಸದು ಹಾಕಿಸಿದ ಮೇಲೂ ಮೊಮ್ಮಕ್ಕಳನ್ನ ಮಳೆಗಾಲದಲ್ಲಿ ಈ ಸೈಕಲ್ ಮೇಲೆ ಹೆದ್ದಾರಿಗೆ ಕಳಿಸಬ್ಯಾಡ್ರಿ.

ಕೆಲಸ ಮುಗಿದ ಮೇಲೆ ಷೋಕೇಸಿನಂತೆ ನಿಲ್ಲಿಸಿದರೆ ಮತ್ತೆ ಹಾಳಾಗುತ್ತದೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಟೈರು ಒಂದೇ ಜಾಗದಲ್ಲಿ ಚಪ್ಪಟೆಯಾಗಿ ಸೀಳು ಬಿಡುತ್ತದೆ. ನೆರಳಲ್ಲಿಡಿ, ಹವಾ ಹಾಕಿಸಿ, ವಾರಕ್ಕೊಮ್ಮೆ ಊರೊಳಗೆ ಒಂದು ಸುತ್ತು ಹೊಡೀರಿ. ಎರೆ ಮಣ್ಣಿನ ದಾರಿಯಲ್ಲಿ ಹೋಗಿ ಬಂದರೆ ಮಡ್‌ಗಾರ್ಡಿನೊಳಗಿನ ಕೆಸರನ್ನ ಅವತ್ತೇ ಕೆದರಿ ತೆಗೀರಿ, ತಗಡು ತೂತಾಗೋದು ಒಳಗಿನಿಂದಲೇ.

ಅಂದಹಾಗೆ, 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್‌ಗಳೂ ಈಗ ಗುಜರಿ ಅಂಗಡಿ ಮುಂದೆ ರಾಶಿ ಬೀಳುತ್ತಿವೆ. ನಮ್ಮ ವಯಸ್ಸಿನವರು ಹೈಸ್ಕೂಲಿಗೆ ಹೋಗಿದ್ದು ಅದರ ಮೇಲೆಯೇ. ಮನೆಯಲ್ಲಿ ಒಂದು ಉಳಿದಿದ್ದರೆ ಈಗಲೇ ಚೈನಿಗೆ ಎಣ್ಣೆ ಬಿಡಿ.