ಹಳೆಯ ರೇಡಿಯೊ, ಅಮ್ಮನ ಕಂತು

“ಮೇಷ್ಟ್ರೇ, ನೀವಾದರೂ ನಮ್ಮ ಹುಡುಗನಿಗೆ ಒಂದು ಮಾತು ಹೇಳಿ. ಹತ್ತನೇ ಕ್ಲಾಸು. ಪುಸ್ತಕ ಮುಚ್ಚಿಟ್ಟು ಕೆಟ್ಟ ರೇಡಿಯೊ ಬಿಚ್ಚಿಕೊಂಡು ಕೂರ್ತಾನೆ” ಎಂದು ಪೋಷಕರೊಬ್ಬರು ಕಳೆದ ತಿಂಗಳು ನನ್ನ ಬಳಿ ಅಲವತ್ತುಕೊಂಡರು. ಪರೀಕ್ಷೆ ಹತ್ತಿರ ಬರುತ್ತಿದೆ, ಅವರ ಆತಂಕ ಸುಳ್ಳಲ್ಲ. ಆದರೆ ರೇಡಿಯೊ ಬಿಚ್ಚುವ ಹುಡುಗನನ್ನು ಬೈಯಲು ವಿಜ್ಞಾನದ ಮೇಷ್ಟ್ರಿಗೆ ಮನಸ್ಸಾದರೂ ಹೇಗೆ ಬರುತ್ತದೆ? ಅವರನ್ನು ಕೂರಿಸಿಕೊಂಡು ಇಂಗ್ಲೆಂಡಿನ ಇಬ್ಬರು ಹುಡುಗರ ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಲಿವರ್‌ಪೂಲ್ ನಗರದ ಎದುರಿಗೆ, ಮರ್ಸಿ ನದಿಯ ಆಚೆ ದಡದಲ್ಲಿ ವಿರಲ್ ಎಂಬ ಪ್ರದೇಶವಿದೆ. ಆಂಡಿ ಮೆಕ್‌ಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್ ಅಲ್ಲಿ ಪ್ರಾಥಮಿಕ ಶಾಲೆಯಿಂದಲೇ ಪರಿಚಿತರು. 1975ರ ಸೆಪ್ಟೆಂಬರ್ 11ರಂದು, ತನ್ನ 16ನೇ ವಯಸ್ಸಿನಲ್ಲಿ, ಆಂಡಿ ಲಿವರ್‌ಪೂಲಿನ ಎಂಪೈರ್ ಥಿಯೇಟರಿನಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಕಛೇರಿಗೆ ಹೋದ. ವೇದಿಕೆಯ ಮೇಲೆ ಗಿಟಾರ್ ಹಿಡಿದು ಕುಣಿಯುವವರಿರಲಿಲ್ಲ. ನಾಲ್ವರು ಅಚ್ಚುಕಟ್ಟಾಗಿ ಉಡುಪು ತೊಟ್ಟು ವಿದ್ಯುತ್ ಯಂತ್ರಗಳ ಮುಂದೆ ನಿಂತಿದ್ದರು. ಆ ದಿನ ತಾನು ಕೂತಿದ್ದ ಕುರ್ಚಿಯ ಸಂಖ್ಯೆ ಕ್ಯೂ 36 ಎಂಬುದನ್ನು ಆಂಡಿ ಮರೆತೇ ಇಲ್ಲ.

ಯಂತ್ರ ಕೊಳ್ಳಲು ಇಬ್ಬರ ಬಳಿಯೂ ಕಾಸಿರಲಿಲ್ಲ. ಪಾಲ್ ಓದುತ್ತಿದ್ದುದು ಎಲೆಕ್ಟ್ರಾನಿಕ್ಸ್. ಬಂಧುಗಳ ಹಳೆಯ ರೇಡಿಯೊಗಳನ್ನು ಬಿಚ್ಚಿ, ಒಳಗಿನ ಬಿಡಿಭಾಗಗಳಿಂದ ಚಿತ್ರವಿಚಿತ್ರ ಸದ್ದು ಹೊರಡಿಸುವ ಪೆಟ್ಟಿಗೆಗಳನ್ನು ಅವನು ಕಟ್ಟಿದ. ಪಾಲ್‌ನ ತಾಯಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮನೆಯ ಹಿಂದಿನ ಕೋಣೆಯೇ ಅವರ ಸಂಗೀತಶಾಲೆ.

ಮೊದಲ ನಿಜವಾದ ಸಿಂಥಸೈಸರ್ ಬಂದದ್ದು ಆಂಡಿಯ ತಾಯಿಯ ದೆಸೆಯಿಂದ. ಅಂಚೆಯ ಮೂಲಕ ಸಾಮಾನು ತರಿಸುವ ಕ್ಯಾಟಲಾಗ್ ಒಂದು ಅವರ ಮನೆಯಲ್ಲಿತ್ತು. ಅದರ ಮೂಲಕ ಕೋರ್ಗ್ ಮೈಕ್ರೊ ಪ್ರಿಸೆಟ್ ಎಂಬ ಪುಟ್ಟ ಯಂತ್ರ ಮನೆಗೆ ಬಂತು. ವಾರಕ್ಕೆ 7.76 ಪೌಂಡಿನಂತೆ 36 ವಾರಗಳ ಕಂತು. ಗುಣಿಸಿ ನೋಡಿ, ಒಟ್ಟು 279.36 ಪೌಂಡು.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಸಿಂಥಸೈಸರಿನಲ್ಲಿ ತಂತಿಯೂ ಇಲ್ಲ, ತಿದಿಯೂ ಇಲ್ಲ. ಆಸಿಲೇಟರ್ ಎಂಬ ಮಂಡಲ ವಿದ್ಯುತ್ ಕಂಪನವನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರಲ್ಲಿ ಬೇಡದ ಆವರ್ತನಗಳನ್ನು ತಗ್ಗಿಸುತ್ತದೆ, ಸ್ಪೀಕರ್ ಅದನ್ನು ಗಾಳಿಯ ಕಂಪನವಾಗಿಸುತ್ತದೆ. ಹಾರ್ಮೋನಿಯಮ್ಮಿನ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕು ಸ್ವರ ಕೇಳುತ್ತದಲ್ಲವೆ? ಈ ಅಗ್ಗದ ಯಂತ್ರದಲ್ಲಿ ಹೇಗೆ ಒತ್ತಿದರೂ ಒಂದು ಸಲಕ್ಕೆ ಒಂದೇ ಸ್ವರ. ಹಾಗಾಗಿ ಹುಡುಗರಿಗೆ ಉಳಿದದ್ದು ಒಂಟಿ ರಾಗದ ದಾರಿ. ಅವರ ಮೊದಲ ಹಾಡುಗಳಲ್ಲಿ ಪಲ್ಲವಿ ಬರಬೇಕಾದ ಜಾಗದಲ್ಲಿ ಮಾತಿಲ್ಲ, ಒಂದೇ ಬೆರಳಿನಲ್ಲಿ ನುಡಿಸಬಹುದಾದ ರಾಗವಿದೆ. ಇಂಗ್ಲಿಷ್ ಬಾರದವರೂ ಒಮ್ಮೆ ಕೇಳಿ ಗುನುಗುವಂತಾದದ್ದು ಈ ಕೊರತೆಯಿಂದಲೇ ಎಂದು ನನ್ನ ಅಭಿಪ್ರಾಯ.

1978ರ ಅಕ್ಟೋಬರಿನಲ್ಲಿ ಲಿವರ್‌ಪೂಲಿನ ಎರಿಕ್ಸ್ ಕ್ಲಬ್ಬಿನಲ್ಲಿ ಒಂದೇ ಒಂದು ಕಾರ್ಯಕ್ರಮ ಕೊಟ್ಟು ಮುಗಿಸುವುದು ಅವರ ಯೋಚನೆಯಾಗಿತ್ತು. ಆಂಡಿಯ ಕೋಣೆಯ ಗೋಡೆಯ ಮೇಲೆ ಗೀಚಿದ್ದ ಸಾಲುಗಳಿಂದ ಒಂದು ಮಾರುದ್ದದ ಹೆಸರನ್ನು ಆರಿಸಿಕೊಂಡರು: ಆರ್ಕೆಸ್ಟ್ರಲ್ ಮೆನೂವರ್ಸ್ ಇನ್ ದ ಡಾರ್ಕ್. ಜನರ ಬಾಯಲ್ಲಿ ಅದು ಓಎಂಡಿ ಆಯಿತು. ಪಕ್ಕವಾದ್ಯಕ್ಕೆ ಬೇರೆ ಯಾರೂ ಇಲ್ಲ, ಒಂದು ಟೇಪ್ ರೆಕಾರ್ಡರ್. ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯ ನಾಯಕನ ನೆನಪಿಗೆ ಅದಕ್ಕೆ ವಿನ್‌ಸ್ಟನ್ ಎಂದು ನಾಮಕರಣ ಬೇರೆ!

ಪಂಕ್ ಸಂಗೀತದ ಅಬ್ಬರದ ಬೆನ್ನಿಗೇ ಬ್ರಿಟನ್ನಿನಲ್ಲಿ ಎದ್ದ ಹೊಸ ಬಗೆಯ ಸಂಗೀತಕ್ಕೆ ನ್ಯೂ ವೇವ್ ಎಂಬ ಹೆಸರು ಬಿತ್ತು. ಅದರಲ್ಲಿ ಸಿಂಥಸೈಸರನ್ನು ನಡುಮನೆಗೆ ತಂದ ಮೊದಲಿಗರಲ್ಲಿ ಈ ಜೋಡಿಯೂ ಸೇರಿದೆ. 1979ರಲ್ಲಿ ಬಂದ ಮೊದಲ ಹಾಡಿನ ಹೆಸರು ‘ಎಲೆಕ್ಟ್ರಿಸಿಟಿ’. ಮನುಷ್ಯ ಶಕ್ತಿಮೂಲಗಳನ್ನು ಪೋಲು ಮಾಡುವುದರ ಬಗ್ಗೆ ಬರೆದದ್ದು. ಪ್ರೇಮಗೀತೆಯಿಂದಲೇ ಶುರುಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಒಪ್ಪಂದ ಸಿಕ್ಕಾಗ ಮುಂಗಡ ಹಣವನ್ನು ಮೋಜಿಗೆ ಸುರಿಯದೆ ಲಿವರ್‌ಪೂಲಿನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಕೊಂಡರು. ಆಲ್ಬಂ ಸೋತು ಕಂಪನಿ ಕೈಬಿಟ್ಟರೂ ಸ್ಟುಡಿಯೊ ಉಳಿಯುತ್ತದಲ್ಲ ಎಂಬ ಲೆಕ್ಕಾಚಾರ. ಪೋಷಕರಿಗೆ ಈ ಭಾಗ ಇಷ್ಟವಾಗಬಹುದು.

1980ರ ‘ಎನೋಲಾ ಗೇ’ ಅವರನ್ನು ಯುರೋಪಿನ ಮನೆಮಾತಾಗಿಸಿತು. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಷಿಮಾದ ಮೇಲೆ ಅಣುಬಾಂಬ್ ಹಾಕಿದ ವಿಮಾನದ ಹೆಸರು ಅದು. ಪೈಲಟ್ ಪಾಲ್ ಟಿಬೆಟ್ಸ್ ತನ್ನ ತಾಯಿಯ ಹೆಸರನ್ನೇ ವಿಮಾನಕ್ಕಿಟ್ಟಿದ್ದ. ಬಾಂಬಿನ ಹೆಸರು ‘ಲಿಟಲ್ ಬಾಯ್’, ಅಂದರೆ ಪುಟ್ಟ ಹುಡುಗ. ಈ ಎರಡು ಹೆಸರುಗಳ ಕ್ರೂರ ವ್ಯಂಗ್ಯವನ್ನೇ ಹಾಡು ಹಿಡಿದುಕೊಂಡಿದೆ. ಪರಮಾಣು ವಿದಳನದ ಪಾಠ ಮಾಡುವಾಗ ಒಮ್ಮೆ ಇದನ್ನು ತರಗತಿಯಲ್ಲಿ ಕೇಳಿಸಿದ್ದೆ. “ಸಾರ್, ಅಷ್ಟೊಂದು ಜನ ಸತ್ತಿದ್ದಾರೆ, ಟ್ಯೂನ್ ಯಾಕೆ ಕುಣಿಯೋ ಹಾಗಿದೆ?” ಎಂದು ಹುಡುಗಿಯೊಬ್ಬಳು ಕೇಳಿದಳು. ಕುಣಿಯುವ ಟ್ಯೂನ್ ಆದ್ದರಿಂದಲೇ ಹಿರೋಷಿಮಾದ ಹೆಸರನ್ನೇ ತೆಗೆಯದ ಹುಡುಗರೂ ಅದನ್ನು ಕೇಳಿದರು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗಿಲ್ಲ.

1981ರ ‘ಆರ್ಕಿಟೆಕ್ಚರ್ ಅಂಡ್ ಮೊರ್ಯಾಲಿಟಿ’ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. ಜೋನ್ ಆಫ್ ಆರ್ಕ್‌ಳ ಮೇಲೆ ಎರಡೆರಡು ಹಾಡು, ಎರಡೂ ಗೆದ್ದವು. ಅದೇ ಎರಕದಲ್ಲಿ ಇನ್ನೊಂದು ಆಲ್ಬಂ ಹೊಯ್ದಿದ್ದರೆ ಸಾಕಿತ್ತು. ಅವರು ಹಾಗೆ ಮಾಡಲಿಲ್ಲ.

1983ರ ‘ಡ್ಯಾಜಲ್ ಶಿಪ್ಸ್’ ಎಂಬ ಹೆಸರಿನ ಹಿಂದೆ ಒಳ್ಳೆಯ ವಿಜ್ಞಾನವಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಹಡಗುಗಳಿಗೆ ಕಪ್ಪು ಬಿಳುಪಿನ ಅಡ್ಡಾದಿಡ್ಡಿ ಪಟ್ಟೆ ಬಳಿಯಿತು. ಹಡಗನ್ನು ಮರೆಮಾಡಲು ಅಲ್ಲ. ಪೆರಿಸ್ಕೋಪಿನಲ್ಲಿ ಇಣುಕುವ ಶತ್ರುವಿಗೆ ಹಡಗು ಯಾವ ಕಡೆ, ಎಷ್ಟು ವೇಗವಾಗಿ ಹೋಗುತ್ತಿದೆ ಎಂಬ ಅಂದಾಜು ತಪ್ಪಬೇಕು, ಅಷ್ಟೇ. ಈ ಆಲ್ಬಮ್ಮಿನಲ್ಲಿ ಶಾರ್ಟ್‌ವೇವ್‌ನ ಪ್ರಾಗ್ ರೇಡಿಯೊದ ಸಂಕೇತ, ಬೇರೆ ಬೇರೆ ದೇಶಗಳ ಗಂಟೆ ಹೇಳುವ ದನಿಗಳು, ಮಕ್ಕಳಿಗೆ ಕಾಗುಣಿತ ಕಲಿಸುವ ಮಾತಾಡುವ ಆಟಿಕೆ ಎಲ್ಲವೂ ಇವೆ. ‘ಜೆನೆಟಿಕ್ ಎಂಜಿನಿಯರಿಂಗ್’ ಎಂಬ ಹಾಡೂ ಇದೆ. ರಾತ್ರಿ ಹೊತ್ತು ರೇಡಿಯೊದ ಮುಳ್ಳು ತಿರುಗಿಸುತ್ತಾ ದೂರದೇಶಗಳ ಗೊರಗೊರ ಕೇಳಿ ಬೆಳೆದ ನನ್ನಂಥವನಿಗೆ ಇದಕ್ಕಿಂತ ಪ್ರಿಯವಾದ ಆಲ್ಬಂ ಇಲ್ಲ. ಕೊಳ್ಳುವವರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಮಾರಾಟ ಹಿಂದಿನದರ ಸುಮಾರು ಹತ್ತನೇ ಒಂದು ಪಾಲಿಗೆ ಕುಸಿಯಿತು.

ಆಮೇಲಿನದು ಹೆದರಿದವರ ನಡಿಗೆ. ಹಾಡುಗಳು ಇಂಪಾಗಿವೆ, ಪ್ರಶ್ನೆಗಳು ಕಡಿಮೆಯಾದವು. 1986ರಲ್ಲಿ ‘ಪ್ರೆಟಿ ಇನ್ ಪಿಂಕ್’ ಎಂಬ ಹಾಲಿವುಡ್ ಚಿತ್ರದ ಕೊನೆಯನ್ನು ಬದಲಾಯಿಸಿದ್ದರಿಂದ ಅವರು ಬರೆದುಕೊಟ್ಟಿದ್ದ ಹಾಡು ಹೊಂದಲಿಲ್ಲ. ಒಂದೇ ದಿನದೊಳಗೆ ಬೇರೆ ಬರೆದರು. ಆ ‘ಇಫ್ ಯೂ ಲೀವ್’ ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಆದರೂ ನಿಲ್ಲದ ಪ್ರವಾಸಗಳಿಂದ ಬಸವಳಿದು 1989ರಲ್ಲಿ ಪಾಲ್ ಹೊರನಡೆದರು. ಹೆಸರನ್ನು ಉಳಿಸಿಕೊಂಡ ಆಂಡಿ 1991ರಲ್ಲಿ ಮತ್ತೆ ಗೆದ್ದು, 1996ರಲ್ಲಿ ಗಿಟಾರ್ ತಂಡಗಳ ಭರಾಟೆಯ ಮುಂದೆ ಅಂಗಡಿ ಮುಚ್ಚಿದರು.

ಬರೆಯುವ ಕೈ ಸುಮ್ಮನಿರಬೇಕಲ್ಲ. ಹಾಡಲು ಹುಡುಗಿಯರ ತಂಡ ಕಟ್ಟು ಎಂದು ಸಲಹೆ ಕೊಟ್ಟವರು ಕಾರ್ಲ್ ಬಾರ್ಟೋಸ್. 1975ರಲ್ಲಿ ಕ್ಯೂ 36ನೇ ಕುರ್ಚಿಯ ಹುಡುಗ ಬಾಯಿಬಿಟ್ಟುಕೊಂಡು ನೋಡಿದ ಆ ನಾಲ್ವರಲ್ಲಿ ಒಬ್ಬರು! ಹಾಗೆ ಹುಟ್ಟಿದ ಅಟಾಮಿಕ್ ಕಿಟನ್ ತಂಡಕ್ಕೆ ಆಂಡಿ ಇತರರೊಡನೆ ಬರೆದ ‘ಹೋಲ್ ಅಗೇನ್’ 2001ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು.

2006ರಲ್ಲಿ ಹಳೆಯ ಗೆಳೆಯರು ಮತ್ತೆ ಒಂದಾದರು. ಸೋತ ‘ಡ್ಯಾಜಲ್ ಶಿಪ್ಸ್’ ಅನ್ನು ಅಷ್ಟರಲ್ಲಿ ವಿಮರ್ಶಕರು ಮೆಚ್ಚತೊಡಗಿದ್ದರು. 2014ರಲ್ಲಿ ಲಿವರ್‌ಪೂಲಿನ ವಸ್ತುಸಂಗ್ರಹಾಲಯದಲ್ಲಿ ಅದರ ಹೆಸರಿನಲ್ಲೇ ಅವರು ಕಾರ್ಯಕ್ರಮ ಕೊಟ್ಟರು. 2023ರಲ್ಲಿ, ಮೊದಲ ಹಾಡು ಬಂದ 44 ವರ್ಷಗಳ ನಂತರ, ‘ಬೌಹೌಸ್ ಸ್ಟೇರ್‌ಕೇಸ್’ ಆಲ್ಬಂ ಬ್ರಿಟನ್ನಿನಲ್ಲಿ ಎರಡನೇ ಸ್ಥಾನ ಮುಟ್ಟಿತು.

ಕಥೆ ಮುಗಿದ ಮೇಲೆ ಆ ತಂದೆ, “ಎಲ್ಲ ಸರಿ ಮೇಷ್ಟ್ರೇ, ಶಾಕ್ ಹೊಡೆದರೆ?” ಎಂದರು. ಅದು ಸರಿಯಾದ ಪ್ರಶ್ನೆ. ಮಕ್ಕಳೇ, ಗೋಡೆಯ ಪ್ಲಗ್ಗಿನಿಂದ ನಡೆಯುವ ರೇಡಿಯೊವನ್ನು ನೀವಾಗಿಯೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುದಾವೇಶ ಉಳಿದಿರಬಹುದು. ಬ್ಯಾಟರಿ ಸೆಲ್ಲಿನ ರೇಡಿಯೊದಿಂದ ಶುರುಮಾಡಿ, ಸೆಲ್ ತೆಗೆದಿಟ್ಟು ಬಿಚ್ಚಿ, ಯಾವ ತಂತಿ ಎಲ್ಲಿತ್ತು ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಹುಡುಗನಿಗೆ ಶನಿವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತು ನಮ್ಮ ಪ್ರಯೋಗಾಲಯದಲ್ಲಿ ಜಾಗ ಕೊಟ್ಟಿದ್ದೇನೆ. ಅವನ ರೇಡಿಯೊ ಇನ್ನೂ ಮಾತಾಡಿಲ್ಲ, ಗೊರಗೊರ ಎನ್ನುತ್ತಿದೆ.