ಕಾಲು ಹಿಡ್ಕೊಳ್ಳತ್ತೆ ಅಂತ ಮ್ಯಾಗ್ನೀಷಿಯಂ ಮಾತ್ರೆ ತಗೋತಿದ್ದೀರಾ? ಮೊದಲು ಊಟದ ತಟ್ಟೆ ನೋಡಿ

ಚಿತ್ರದುರ್ಗ: ಅಡಿಕೆ, ಬಾಳೆ ಇಟ್ಟಿರೋ ರೈತರಿಗೆ ಮ್ಯಾಗ್ನೀಷಿಯಂ ಹೊಸ ಹೆಸರಲ್ಲ. ಹಳೇ ಎಲೆ ಹಳದಿಗೆ ತಿರುಗಿದ್ರೆ ಗೊಬ್ಬರದ ಅಂಗಡಿಯವರು ಮ್ಯಾಗ್ನೀಷಿಯಂ ಸಲ್ಫೇಟ್ ಹಾಕಿ ಅಂತಾರೆ. ಎಲೆಗೆ ಹಸಿರು ಬಣ್ಣ ಕೊಡೋ ಪತ್ರಹರಿತ್ತಿನ ನಡುವೆ ಕೂತಿರೋದೇ ಈ ಖನಿಜ. ಈಗ ಅದೇ ಹೆಸರು ಮೊಬೈಲ್ ರೀಲ್ಸ್‌ಗೂ ಮೆಡಿಕಲ್ ಶಾಪ್‌ಗೂ ಬಂದಿದೆ. ನಿದ್ದೆ ಬರಲ್ವಾ, ಸುಸ್ತಾ, ರಾತ್ರಿ ಕಾಲು ಹಿಡ್ಕೊಳ್ಳುತ್ತಾ, ಎಲ್ಲದಕ್ಕೂ ಒಂದೇ ಮಾತ್ರೆ ಅನ್ನೋ ಹಾಗೆ ಪ್ರಚಾರ ನಡೀತಿದೆ. (ಗೊಬ್ಬರದ ಅಂಗಡಿಯ ಪುಡಿ ಗಿಡಕ್ಕೆ ಮಾತ್ರ, ಅದನ್ನ ಯಾರೂ ಬಾಯಿಗೆ ಹಾಕ್ಕೋಬೇಡಿ.)

ದೇಹಕ್ಕೆ ಇದು ಬೇಕೇ ಬೇಕು, ಅದರಲ್ಲಿ ಅನುಮಾನ ಇಲ್ಲ. ದೊಡ್ಡವರ ಮೈಯಲ್ಲಿ ಸುಮಾರು 25 ಗ್ರಾಂ ಇರುತ್ತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದು ಬಹುಪಾಲು ಮಾಂಸಖಂಡ ಮತ್ತು ಬೇರೆ ಅಂಗಗಳಲ್ಲಿ. ರಕ್ತದಲ್ಲಿ ಇರೋದು ಶೇ. 1ಕ್ಕಿಂತ ಕಡಿಮೆ. ಹಾಗಾಗಿ ರಕ್ತಪರೀಕ್ಷೆ ನಾರ್ಮಲ್ ಬಂದ ಮಾತ್ರಕ್ಕೆ ಪೂರ್ತಿ ಚಿತ್ರ ಸಿಕ್ಕಿತು ಅಂತಲ್ಲ. ಮಾಂಸಖಂಡ ಬಿಗಿಯಾಗೋಕೆ ಕ್ಯಾಲ್ಸಿಯಂ ಬೇಕು, ಸಡಿಲ ಆಗೋಕೆ ಮ್ಯಾಗ್ನೀಷಿಯಂ ನೆರವು ಬೇಕು. ಹೃದಯದ ಬಡಿತ ಲಯದಲ್ಲಿ ಇರೋಕೂ ಇದು ಬೇಕು.

ಇದರ ಶಕ್ತಿ ನೋಡಬೇಕಂದ್ರೆ ಹೆರಿಗೆ ವಾರ್ಡ್‌ಗೆ ಹೋಗಬೇಕು. ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರೋ ಅಪಾಯ ಇದ್ದಾಗ ಕೊಡೋದು ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ನೇ. 33 ದೇಶಗಳ ಸುಮಾರು 10 ಸಾವಿರ ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದರಿಂದ ಫಿಟ್ಸ್ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿದಿದ್ದು ಕಂಡುಬಂತು. ಆದ್ರೆ ಇಂಜೆಕ್ಷನ್ ಕೊಟ್ಟ ಮೇಲೆ ನರ್ಸ್ ಬಂದು ಬಂದು ಉಸಿರಾಟ ಎಣಿಸ್ತಾರೆ, ಮೂತ್ರ ಎಷ್ಟು ಹೋಗಿದೆ ನೋಡ್ತಾರೆ, ಮಂಡಿ ತಟ್ಟಿ ನೋಡ್ತಾರೆ. ಯಾಕಂದ್ರೆ ಪ್ರಮಾಣ ಮೀರಿದ್ರೆ ಉಸಿರೇ ನಿಲ್ಲಬಹುದು. ಜಾಸ್ತಿಯಾದದ್ದನ್ನ ಹೊರಗೆ ಹಾಕೋದು ಕಿಡ್ನಿ.

ಇನ್ನು ಕಾಲು ಹಿಡ್ಕೊಳ್ಳೋ ವಿಷಯ. ಹೆಚ್ಚಿನವರು ಮಾತ್ರೆ ಕೊಳ್ಳೋದು ಇದಕ್ಕೇ. ಈವರೆಗಿನ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ ಕೊಕ್ರೇನ್ ಸಂಸ್ಥೆಯ 2020ರ ವರದಿ, ವಯಸ್ಸಾದವರ ಈ ತೊಂದರೆಗೆ ಮ್ಯಾಗ್ನೀಷಿಯಂ ಮಾತ್ರೆಯಿಂದ ಹೇಳಿಕೊಳ್ಳುವಂಥ ಉಪಯೋಗ ಆಗೋದು ಅನುಮಾನ ಅಂತ ಹೇಳಿದೆ. ಕೆಲವರಿಗೆ ಬದಲಿಗೆ ಭೇದಿ ಶುರುವಾಗುತ್ತೆ. ಬಿಪಿ ಸ್ವಲ್ಪ ಇಳಿಯುತ್ತೆ ಅನ್ನೋದಕ್ಕೆ ಆಧಾರ ಇದೆ, ಆದ್ರೆ ಆ ಇಳಿಕೆ ಸಣ್ಣದು. ಬಿಪಿ ಮಾತ್ರೆ ಬಿಟ್ಟು ಇದನ್ನ ನುಂಗೋದು ಹುಚ್ಚುತನ.

ಹಾಗಾದ್ರೆ ಎಲ್ಲಿಂದ ತಗೋಬೇಕು? ನಮ್ಮ ಜಿಲ್ಲೆಯವರು ಇದಕ್ಕೆ ದೂರ ಹೋಗಬೇಕಾಗಿಲ್ಲ. ಐಸಿಎಂಆರ್ 2020ರ ಲೆಕ್ಕದಲ್ಲಿ ದಿನಕ್ಕೆ ಗಂಡಸರಿಗೆ 440 ಮಿಲಿಗ್ರಾಂ, ಹೆಂಗಸರಿಗೆ 370 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಇದೆ, ಜೋಳದಲ್ಲಿ 130ರ ಆಸುಪಾಸು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬರೀ 20ರ ಹತ್ತಿರ! ಅದೇ ಅಕ್ಕಿ ಪಾಲಿಶ್ ಆಗದೆ ಇದ್ರೆ 90 ದಾಟುತ್ತೆ. ಅಂದ್ರೆ ಮಿಲ್‌ನಲ್ಲಿ ಖನಿಜ ತೌಡಿನ ಜೊತೆ ಹೊರಟುಹೋಗುತ್ತೆ, ದನ ತಿನ್ನುತ್ತೆ. ಮೂರು ಹೊತ್ತೂ ಅನ್ನ ಉಣ್ಣೋ ಮನೆಗಳಲ್ಲಿ ಕೊರತೆ ಶುರುವಾಗೋದು ಇಲ್ಲಿಂದ.

ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಅಂತ ಇಟ್ಕೊಳ್ಳಿ, 146 ಬಂತು. ಚಳ್ಳಕೆರೆ ಕಡೆ ಶೇಂಗಾ ಯಾರ ಮನೇಲಿಲ್ಲ? ಒಂದು ಹಿಡಿ ತಿಂದ್ರೆ ಇನ್ನೊಂದು 60. 50 ಗ್ರಾಂ ಹೆಸರುಕಾಳಿಂದ 100ರ ಹತ್ತಿರ. ಇಷ್ಟಕ್ಕೇ 300 ದಾಟಿತು, ಸೊಪ್ಪು ಬೇರೆ ಇದೆ. ಹಸಿರಿದ್ದ ಕಡೆ ಮ್ಯಾಗ್ನೀಷಿಯಂ ಇದ್ದೇ ಇರುತ್ತೆ. ಸೊಪ್ಪು ಬೇಯಿಸಿದ ನೀರಿಗೆ ಅದು ಇಳಿಯುತ್ತೆ, ಆ ನೀರು ಚೆಲ್ಲಿದ್ರೆ ಹೋಯ್ತು. ಬಸ್ಸಾರು ಮಾಡೋರು ಆ ನೀರಲ್ಲೇ ಸಾರು ಮಾಡ್ತಾರಲ್ಲ, ಅದು ಸರಿಯಾದ ಕ್ರಮ. ಎಳ್ಳು, ಕುಂಬಳಬೀಜದಲ್ಲೂ ಚೆನ್ನಾಗಿದೆ.

ಊಟ ಸರಿ ಇದ್ರೂ ಕೆಲವರಿಗೆ ಕೊರತೆ ಆಗುತ್ತೆ. ಹತೋಟಿಗೆ ಬಾರದ ಶುಗರ್ ಇರೋರು, ದಿನಾ ಕುಡಿಯೋರು, ತುಂಬಾ ದಿನ ಭೇದಿ ಇರೋರು ಈ ಸಾಲಿನವರು. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತಗೊಳ್ಳೋರೂ ಅಷ್ಟೇ. ಇವನ್ನ ವರ್ಷಗಟ್ಟಲೆ ತಗೊಂಡ್ರೆ ಮ್ಯಾಗ್ನೀಷಿಯಂ ಇಳಿಯಬಹುದು ಅಂತ ಅಮೆರಿಕದ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಡಾಕ್ಟರ್ ಒಂದು ತಿಂಗಳಿಗೆ ಬರೆದ ಚೀಟಿ ತೋರಿಸಿ ಮೂರು ವರ್ಷ ನುಂಗೋರಿದ್ದಾರೆ. ಅಂಥವರು ಇನ್ನೊಂದು ಮಾತ್ರೆ ಸೇರಿಸೋ ಬದಲು, ಹಳೇದು ಇನ್ನೂ ಬೇಕಾ ಅಂತ ಡಾಕ್ಟರನ್ನ ಕೇಳೋದು ಒಳ್ಳೇದು.

ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಮ್ಯಾಗ್ನೀಷಿಯಂ ಮಾತ್ರೆ ಮುಟ್ಟಲೇಬಾರದು. ಅವರಿಗೆ ಅದು ಮೈಯಲ್ಲೇ ಉಳ್ಕೊಂಡು ಬಿಪಿ, ಎದೆಬಡಿತ ಬೀಳಿಸಬಹುದು. ಅಸಿಡಿಟಿಗೆ ಕುಡಿಯೋ ಹಲವು ಸಿರಪ್‌ಗಳಲ್ಲೂ, ಕೆಲವು ಮಲಬದ್ಧತೆ ಔಷಧಿಗಳಲ್ಲೂ ಮ್ಯಾಗ್ನೀಷಿಯಂ ಇರುತ್ತೆ, ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಇದಕ್ಕೂ ಅದಕ್ಕೂ 4 ಗಂಟೆ ಅಂತರ ಇಡಬೇಕು, ಇಲ್ಲಾಂದ್ರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ.